ಸಿರ್ಸಿ ಕಡೆ ಸೆಕೆಂಡ್ ಹ್ಯಾಂಡ್ ಬೈಕ್ ತಗೊಳ್ಳೋರು ಇದನ್ನ ಓದಿ, ಮೀಟರ್ ನಂಬಿ ನಾನು ಮೋಸ ಹೋದೆ

ಮೂರು ವಾರದಿಂದ ಬರೀಬೇಕು ಬರೀಬೇಕು ಅಂದ್ಕೊಳ್ತಿದ್ದೆ, ನಾಚಿಕೆ ಆಗಿ ಬಿಟ್ಟಿದ್ದೆ. ಇಪ್ಪತ್ತು ವರ್ಷದಿಂದ ಗಾಡಿ ಹೊಡೀತಿರೋನು ಹೀಗೆ ಬಿದ್ನಾ ಅಂತ ಜನ ಕೇಳ್ತಾರೆ, ಕೇಳಿದ್ದೂ ಆಯ್ತು. ಆದ್ರೆ ಮೊನ್ನೆ ನಾನು ಗಾಡಿ ತಗೊಂಡ ಅದೇ ಅಂಗಡಿ ಎದುರಿಗೆ ಕಾಲೇಜ್ ಹುಡುಗನೊಬ್ಬ ಅಪ್ಪನ ಜೊತೆ ನಿಂತು ಗಾಡಿ ನೋಡ್ತಾ ಇದ್ದ, ಆ ಅಪ್ಪ ಶರ್ಟಿನ ಜೇಬಿಂದ ದುಡ್ಡಿನ ಕವರ್ ತೆಗೀತಾ ಇದ್ರು. ನಾನು ಬಸ್ಸಲ್ಲಿದ್ದೆ, ಇಳಿಯೋಕೆ ಆಗಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಅಂಗಡಿ ಹೆಸರು ಹಾಕೋದಿಲ್ಲ, ಕೇಸ್ ಕೊಡೋನಿದ್ದೇನೆ, ಆದ್ರೆ ನಡೆದದ್ದು ನಡೆದ ಹಾಗೇ ಹೇಳ್ತೇನೆ.

ನನಗೆ ಬೇಕಾಗಿದ್ದು ದೂರ ಹೋಗೋಕೆ ಒಂದು ಚಿಕ್ಕ ಗಾಡಿ ಅಷ್ಟೇ. ತಿಂಗಳಿಗೆ ಎರಡು ಸಲ ಹುಬ್ಬಳ್ಳಿ, ಕುಮಟಾದಲ್ಲಿ ತಂಗಿ ಮನೆ, ಆಗಾಗ ಕಾರವಾರ. ಕೈಯಲ್ಲಿದ್ದದ್ದು ಐವತ್ತು ಸಾವಿರ. ಹೆಂಡತಿ ಸ್ಕೂಟರ್ ತಗೊಳ್ಳೋಣ ಅಂದ್ಲು, ಮುಂದೆ ಚೀಲ ಇಡಬಹುದು, ಗೇರ್ ಗೋಜಿಲ್ಲ. ಊರೊಳಗೆ ಓಡಾಡೋಕಾದ್ರೆ ಅದೇ ಸೈ. ನಮ್ಮದು ಘಟ್ಟದ ದಾರಿ, ಅದೇ ತೊಂದ್ರೆ. ಆಕ್ಟಿವಾದ ಹಿಂದಿನ ಚಕ್ರ 10 ಇಂಚು, ಹೊಂಡಕ್ಕೆ ಬಿದ್ರೆ ಸೊಂಟಕ್ಕೇ ಬರ್ತದೆ, ಟ್ಯಾಂಕಿಗೆ ಹಿಡಿಯೋದು ಐದು ಲೀಟರ್ ಚಿಲ್ಲರೆ. ಸ್ಪ್ಲೆಂಡರ್‌ಗೆ 18 ಇಂಚಿನ ಚಕ್ರ, 9.8 ಲೀಟರ್ ಟ್ಯಾಂಕ್, ಪ್ಲಾಟಿನಾ 100ಕ್ಕೆ 11 ಲೀಟರ್. ಮೇಲಿಂದ ಇಳಿಯುವಾಗ ಬೈಕಾದ್ರೆ ಎರಡನೇ ಗೇರಲ್ಲಿ ಹಾಕಿ ಎಂಜಿನ್ ಮೇಲೇ ಹಿಡೀಬಹುದು, ಸ್ಕೂಟರಲ್ಲಿ ಆ ಹಿಡಿತ ಅಷ್ಟಿಲ್ಲ, ಪೂರ್ತಿ ಬ್ರೇಕ್ ಮೇಲೇ ಬಿಡಬೇಕು, ಬ್ರೇಕ್ ಕಾದ್ರೆ ಕಥೆ ಮುಗೀತು. ಹಾಗಾಗಿ 100 ಸಿಸಿ ಬೈಕೇ ಅಂತ ತೀರ್ಮಾನ ಮಾಡಿದೆ. ಆ ಲೆಕ್ಕ ಇವತ್ತಿಗೂ ಸರಿ ಅಂತಲೇ ಹೇಳ್ತೇನೆ. ಬೈಕ್ ಯಾವ ಕಂಪನಿದು ಅಂತ ಬೇಡ, ತಪ್ಪು ಕಂಪನಿದಲ್ಲ, ಮಾರಿದವನದ್ದು.

ಅಂಗಡಿಗೆ ಹೋದೆ. 2018ರ ಗಾಡಿ, ಕೆಎ 25, ಧಾರವಾಡದ್ದು. ಮೀಟರಲ್ಲಿ 18,420 ಕಿಲೋಮೀಟರ್. ಹಿಂದೆ ಇಟ್ಟುಕೊಂಡೋರು ಒಬ್ಬ ಮೇಷ್ಟ್ರು, ಶಾಲೆಗೆ ಹೋಗಿ ಬರೋಕೆ ಮಾತ್ರ ಓಡಿಸ್ತಿದ್ರು ಅಂತ ಅಂಗಡಿಯವ ಅಂದ. "ಭಾವ, ನಿಮ್ಗೆ ಸುಳ್ಳು ಹೇಳಿ ನಾ ಈ ಊರಲ್ಲಿ ಇಪ್ಪುಲಾಗ್ತ? ಕಣ್ಣು ಮುಚ್ಚಿ ತಗಳಿ" ಅಂದ. ಭಾವ ಅಂತ ಒಂದೇ ಸಮ. ಚಾ ತರಿಸಿದ. ಸೀಟ್ ಕವರ್ ಹೊಸದು, ಹ್ಯಾಂಡಲ್ ಗ್ರಿಪ್ ಹೊಸದು, ಫುಟ್‌ರೆಸ್ಟ್ ರಬ್ಬರ್ ಹೊಸದು, ಗೇರ್ ಲಿವರಿನ ರಬ್ಬರ್ ಸಹ ಹೊಸದು. ನಾನು ಖುಷಿ ಪಟ್ಟೆ! ಎಷ್ಟು ಚೆನ್ನಾಗಿ ಇಟ್ಟಿದಾರೆ ಅಂತ. ಹದಿನೆಂಟು ಸಾವಿರ ಓಡಿದ ಗಾಡಿಗೆ ಫುಟ್‌ರೆಸ್ಟ್ ರಬ್ಬರ್ ಯಾಕೆ ಬದಲಾಯಿಸ್ಬೇಕು ಅಂತ ತಲೆಗೆ ಬರಲೇ ಇಲ್ಲ. ಯಾಕೆ ಬರಲಿಲ್ಲ ಅಂತ ಈಗಲೂ ನನ್ನನ್ನೇ ಕೇಳ್ಕೊಳ್ತೇನೆ.

ಇನ್ನೊಂದು, ನಾನು ಹೋದಾಗ ಎಂಜಿನ್ ಬಿಸಿ ಇತ್ತು. ಈಗಷ್ಟೇ ಹುಡುಗ ಪೆಟ್ರೋಲ್ ಹಾಕಿಸ್ಕೊಂಡು ಬಂದ ಅಂದ, ನಂಬಿದೆ. ಐದು ರಸ್ತೆ ಸರ್ಕಲ್ ತನಕ ಒಂದು ರೌಂಡ್ ಹೊಡೆದೆ, ಸದ್ದಿಲ್ಲ ಹೊಗೆಯಿಲ್ಲ, ಸಾಫ್. 47 ಸಾವಿರಕ್ಕೆ ಮಾತಾಯ್ತು. ಡೆಲಿವರಿ ನೋಟಿಗೆ ಸಹಿ ಹಾಕಿದೆ, ಓದಲಿಲ್ಲ.

ಹುಬ್ಬಳ್ಳಿಗೆ ಎರಡು ಸಲ ಹೋಗಿ ಬಂದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ನೀಲಿ ಹೊಗೆ ಬರ್ತಿತ್ತು, ಒಂದು ನಿಮಿಷಕ್ಕೆ ಹೋಗ್ತಿತ್ತು. ಫೋನ್ ಮಾಡಿದ್ರೆ "ಮಳೆಗಾಲ ಭಾವ, ಥಂಡಿ, ಎಲ್ಲಾ ಗಾಡೀಲೂ ಬರ್ತು" ಅಂದ. ಅದನ್ನೂ ನಂಬಿದೆ.

ಮೂರನೇ ಪ್ರಯಾಣ ಕುಮಟಾಕ್ಕೆ, ಹೆಂಡತಿ ಜೊತೆ. ಇಳಿಯುವಾಗ ಎಂತದೂ ಆಗಲಿಲ್ಲ. ವಾಪಸ್ ಬರುವಾಗ ತಂಗಿ ಕೊಟ್ಟ ತೆಂಗಿನಕಾಯಿ ಚೀಲ ಹಿಂದೆ ಕಟ್ಟಿ, ದೇವಿಮನೆ ಘಟ್ಟ ಹತ್ತುವಾಗ ಸಂಜೆ ಐದೂವರೆ, ಜಿರಿಜಿರಿ ಮಳೆ. ಮೊದಲು ಸುಟ್ಟ ವಾಸನೆ, ಆಮೇಲೆ ಟಕ್ ಟಕ್ ಟಕ್ ಸದ್ದು, ಎಕ್ಸಲೇಟರ್ ತಿರುವಿದ್ರೂ ಏರ್ತಾ ಇಲ್ಲ, ಒಂದು ತಿರುವಲ್ಲಿ ಇದ್ದಕ್ಕಿದ್ದ ಹಾಗೆ ಹಿಂದಿನ ಚಕ್ರ ಹಿಡ್ಕೊಂಡುಬಿಡ್ತು. ಕೈ ತನ್ನಷ್ಟಕ್ಕೆ ಕ್ಲಚ್ ಹಿಡೀತು, ಅದಕ್ಕೆ ಬೀಳಲಿಲ್ಲ. ಹಿಂದೆ ಲಾರಿ ಇತ್ತು. ಆ ಲಾರಿಯವನು ಬ್ರೇಕ್ ಹಾಕಿದ್ದರ ಸದ್ದು ಈಗಲೂ ಕಿವಿಯಲ್ಲಿದೆ. ಹೆಂಡತಿ ರಸ್ತೆ ಪಕ್ಕ ಕೂತು ಅತ್ತಳು. ಕತ್ತಲಾದ ಮೇಲೆ ಒಂದು ಪಿಕಪ್‌ನವರು ಗಾಡಿ ಹತ್ತಿಸ್ಕೊಂಡು ಸಿರ್ಸಿ ತನಕ ಬಿಟ್ರು, ದುಡ್ಡು ಕೊಟ್ರೆ ತಗೊಳ್ಳಲಿಲ್ಲ, ಅವರಿಗೆ ಒಳ್ಳೇದಾಗ್ಲಿ.

ಮಾರನೇ ದಿನ ನನ್ನ ಪರಿಚಯದ ಮೆಕ್ಯಾನಿಕ್ ಬಿಚ್ಚಿದ. ಆಯಿಲ್ ಕೆಳಗೆ ಬಿಟ್ರೆ ಒಂದು ಚಾ ಲೋಟದಷ್ಟೂ ಇಲ್ಲ, ಇದ್ದದ್ದೂ ಮಂದ ಬೆಲ್ಲದ ಪಾಕದ ಹಾಗೆ. ಸವೆದ ಎಂಜಿನ್‌ಗೆ ದಪ್ಪ ಆಯಿಲ್ ಹಾಕಿದ್ರೆ ಸ್ವಲ್ಪ ದಿನ ಸದ್ದು, ಹೊಗೆ ಎರಡೂ ಅಡಗ್ತದೆ ಅಂದ. ಪಿಸ್ಟನ್ ಸುತ್ತ ಇರೋ ರಿಂಗ್ ಸವೆದು ಹೋಗಿದೆ, ಬೆಳಿಗ್ಗೆ ಬರ್ತಿದ್ದ ನೀಲಿ ಹೊಗೆ ಅದೇ, ಆಯಿಲ್ ಸುಟ್ಕೊಂಡು ಸುಟ್ಕೊಂಡು ಖಾಲಿಯಾಗಿ ಪಿಸ್ಟನ್ ಹಿಡಿದಿದೆ. ಮುಂದಿನ ಟಯರ್ ತೋರ್ಸಿದ, ಪಕ್ಕದಲ್ಲಿ ನಾಲ್ಕು ಅಂಕಿ, 1122. ಅಂದ್ರೆ 2022ರ ಹನ್ನೊಂದನೇ ವಾರದಲ್ಲಿ ಮಾಡಿದ ಟಯರ್. 2018ರ ಗಾಡಿ. ಮೊದಲಿನ ಟಯರ್ ಸವೆದು ಇದನ್ನ ಹಾಕಿ ಇದೂ ಸವೀತಾ ಬಂದಿದೆ, ಹದಿನೆಂಟು ಸಾವಿರದಲ್ಲಿ ಹೇಗಾಗ್ತದೆ ಹೇಳಿ ಅಂದ. ಆಮೇಲೆ ಬ್ಯಾಟರಿ ನೋಡೋಕೆ ಸೈಡ್ ಪ್ಯಾನೆಲ್ ತೆಗೆದ. ಅದರ ಒಳಗಡೆ ಎಣ್ಣೆ ಮಸಿ ಹಿಡಿದ ಒಂದು ಹಳೇ ಸ್ಟಿಕ್ಕರ್. ಬಟ್ಟೆಯಲ್ಲಿ ಒರೆಸಿದ. ಬಾಲ್‌ಪೆನ್ನಲ್ಲಿ ಬರೆದದ್ದು, ಮುಂದಿನ ಆಯಿಲ್ 61,500.

ಅರವತ್ತೊಂದು ಸಾವಿರದ ಐನೂರು ಕಿಲೋಮೀಟರಿಗೆ. ನಾನು ಎರಡು ಸಲ ಓದಿದೆ. ಮೆಕ್ಯಾನಿಕ್ ಎಂತದೂ ಮಾತಾಡಲಿಲ್ಲ, ತಲೆ ತಗ್ಗಿಸಿ ಸ್ಪಾನರ್ ಒರೆಸ್ತಾ ಇದ್ದ. ಅವನು ಬೈದಿದ್ರೂ ಅಷ್ಟು ಬೇಜಾರಾಗ್ತಿರಲಿಲ್ಲ.

ಅಂಗಡಿಗೆ ಹೋದೆ. ಭಾವ ಹೋಗಿ ಸರ್ ಬಂದಿತ್ತು. "ಸರ್, ಗಾಡಿ ಓಡ್ಸಿ ನೋಡಿ ತಗೊಂಡೋರು ನೀವು." ಮೀಟರ್ ಬದಲಾಗಿದೆಯಲ್ಲ ಅಂದೆ. "ನಮ್ಗೆ ಬಂದಾಗ್ಲೇ ಹಾಗಿತ್ತು, ನಾವೆಂತ ಮಾಡೋದು." ಆ ಮೇಷ್ಟ್ರ ನಂಬರ್ ಕೊಡಿ ಅಂದೆ. "ಅವ್ರು ಈಗ ಟ್ರಾನ್ಸ್‌ಫರ್ ಆಗಿದಾರೆ." ಸ್ಟಿಕ್ಕರ್ ಫೋಟೋ ತೋರ್ಸಿದೆ. ನೋಡಿದ, ಮೊಬೈಲ್ ವಾಪಸ್ ಕೊಟ್ಟ, "ಆ ಪ್ಯಾನೆಲ್ ಬೇರೆ ಗಾಡಿದು ಇರ್ಬಹುದು ಸರ್" ಅಂದ. ಬೇರೆ ಗಾಡಿ ಪ್ಯಾನೆಲ್ ನನ್ನ ಗಾಡಿಗೆ ಹೇಗೆ ಬಂತು ಅಂದ್ರೆ ಉತ್ತರ ಇಲ್ಲ. ಕೊನೆಗೆ ಡೆಲಿವರಿ ನೋಟ್ ತೆಗೆದು ಬೆರಳಿಟ್ಟು ತೋರಿಸಿದ, ಗಾಡಿಯನ್ನು ಪರೀಕ್ಷಿಸಿ ತೃಪ್ತಿಯಾಗಿ ಪಡೆದಿರುತ್ತೇನೆ, ಕೆಳಗೆ ನನ್ನ ಸಹಿ. ಅಂಗಡೀಲಿ ಇನ್ನೂ ಇಬ್ಬರು ಗಿರಾಕಿ ಇದ್ರು, ಅವರೆದುರಿಗೆ ಗಟ್ಟಿಯಾಗಿ ಓದಿದ. ನನ್ನ ಮುಖ ಎಲ್ಲಿಡಬೇಕು ಗೊತ್ತಾಗಲಿಲ್ಲ.

ರಿಪೇರಿಗೆ ಮೆಕ್ಯಾನಿಕ್ 11,800 ಹೇಳಿದಾನೆ. ಇದು ಸಾಲದು ಅಂತ ಮನೆಗೆ ಬಂದು ಸರ್ಕಾರದ ಎಂಪರಿವಾಹನ್ ಆ್ಯಪಲ್ಲಿ ನಂಬರ್ ಹಾಕಿದ್ರೆ ಆರ್‌ಸಿ ಮೇಲೆ ಫೈನಾನ್ಸ್, ಅಂದ್ರೆ ಗಾಡಿ ಮೇಲಿನ ಸಾಲ, ಇನ್ನೂ ಹಾಗೇ ಇದೆ. ಎರಡು ನಿಮಿಷದ ಕೆಲಸ, ತಗೊಳ್ಳೋ ಮೊದಲು ಮಾಡಲಿಲ್ಲ.

ದಯವಿಟ್ಟು, ದೂರ ಓಡಿಸೋಕೆ ಅಂತ ಹಳೇ ಗಾಡಿ ತಗೊಳ್ಳೋರು ಬೆಳಿಗ್ಗೆ ಹೋಗಿ, ಹೇಳದೆ ಹೋಗಿ. ಎಂಜಿನ್ ಮುಟ್ಟಿ ನೋಡಿ, ಬಿಸಿ ಇದ್ರೆ ಹೊರಟು ಬನ್ನಿ, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ ಸೈಲೆನ್ಸರ್ ಹಿಂದೆ ನಿಂತು ನೋಡಿ. ಮೀಟರ್ ನೋಡ್ಲೇಬೇಡಿ, ಟಯರಿನ ನಾಲ್ಕು ಅಂಕಿ ನೋಡಿ, ಸೈಡ್ ಪ್ಯಾನೆಲ್ ತೆಗೆಸಿ, ತೆಗೆಯೋಲ್ಲ ಅಂದ್ರೆ ಅಲ್ಲೇ ಗೊತ್ತಾಯ್ತಲ್ಲ. ಫೈನಾನ್ಸ್ ತೆಗೆಸಿದ ಕಾಗದ ಕೈಗೆ ಬರೋ ತನಕ ಪೂರ್ತಿ ದುಡ್ಡು ಕೊಡ್ಬೇಡಿ. ಪರಿಚಯದ ಮೆಕ್ಯಾನಿಕ್‌ನ ಕರ್ಕೊಂಡು ಹೋಗಿ, ಅವನಿಗೆ ಐನೂರು ಕೊಟ್ರೂ ನಷ್ಟ ಇಲ್ಲ. ಭಾವ ಅಂತ ಕರೆದ್ರೆ, ಚಾ ಕೊಟ್ರೆ ಕರಗ್ಬೇಡಿ.

ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಸ್ತಿದ್ದೇನೆ, ಐದು ಲಕ್ಷದ ಒಳಗಿನ ವ್ಯವಹಾರಕ್ಕೆ ಫೀಸ್ ಇಲ್ಲ. ಇದೇ ಅಂಗಡೀಲಿ ನಿಮಗೂ ಹೀಗಾಗಿದ್ರೆ ನಾಚಿಕೆ ಬಿಟ್ಟು ಹೇಳಿ, ನಾನೂ ಬಿಟ್ಟಾಯ್ತು. ಸೈಡ್ ಪ್ಯಾನೆಲ್ ಗಾಡಿಗೆ ವಾಪಸ್ ಹಾಕಿಸಿಲ್ಲ, ಪೇಪರ್ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದೇನೆ, ಸ್ಟಿಕ್ಕರ್ ಕೀಳಬಾರದು ಅಂತ. ಬರೋ ಸೋಮವಾರ ಬಸ್ಸಲ್ಲಿ ಅದನ್ನ ತಗೊಂಡು ಕಾರವಾರಕ್ಕೆ ಹೋಗ್ತಿದ್ದೇನೆ.