ಚೊಗರಿನ ಬಣ್ಣ, ಚೌಕಿಯ ಬೆಳಕು: ಮೂರು ಪುಟ್ಟ ಕ್ಯಾಮೆರಾಗಳ ಜೊತೆ ಒಂದು ಹಂಗಾಮು

ಎರಡು ಮಳೆಗಾಲ ಕಪಾಟಿನಲ್ಲೇ ಉಳಿದ ನನ್ನ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾದ ಲೆನ್ಸಿಗೆ ಬೂಷ್ಟು ಹಿಡಿದಿತ್ತು. ಟಾರ್ಚು ಬಿಟ್ಟು ನೋಡಿದರೆ ಗಾಜಿನೊಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು. ಕಾರವಾರದಲ್ಲಿ ನಾನಿರುವ ಬಾಡಿಗೆ ಮನೆಗೆ ಸಮುದ್ರ ಕೂಗಳತೆಯ ದೂರ. ಜೂನ್ ಬಂತೆಂದರೆ ಗೋಡೆಯೇ ಬೆವರುವ ಊರಿದು. ಕ್ಯಾಮೆರಾ ಭಾರವೆಂದು ಹೊರಗೆ ಒಯ್ಯಲಿಲ್ಲ, ಒಯ್ಯದೆ ಅದಕ್ಕೆ ಗಾಳಿಬೆಳಕು ಸಿಗಲಿಲ್ಲ, ಕೊನೆಗೆ ಹೀಗಾಯಿತು. ಆ ಎರಡು ವರ್ಷಗಳಲ್ಲಿ ತೆಗೆಯಬೇಕಿದ್ದ ಎಷ್ಟೋ ಚಿತ್ರಗಳು ಕೈತಪ್ಪಿದವು. ಅವುಗಳಲ್ಲಿ ಅಜ್ಜನ ಕೊನೆಯ ಅಡಿಕೆ ಕೊಯ್ಲೂ ಒಂದು. ಆ ನೋವಿನಿಂದಲೇ ಈ ಹುಡುಕಾಟ ಆರಂಭವಾಯಿತು.

ಬೇಕಿದ್ದದ್ದು ಇಷ್ಟು: ಸ್ಕೂಟರಿನ ಡಿಕ್ಕಿಯಲ್ಲೋ ರೇನ್‌ಕೋಟಿನ ಜೇಬಿನಲ್ಲೋ ಹಿಡಿಯುವ, ಲೆನ್ಸ್ ಬದಲಿಸಬಹುದಾದ ಮಿರರ್‌ಲೆಸ್, ಅಂದರೆ ಡಿಎಸ್‌ಎಲ್‌ಆರ್‌ನಂತೆ ಒಳಗೆ ಕನ್ನಡಿಯಿಲ್ಲದ, ಕ್ಯಾಮೆರಾ. ಹಳೆಯದಾದರೂ ಸರಿ, ಒಂದು ಲೆನ್ಸ್ ಸೇರಿ ಎಂಬತ್ತು ಸಾವಿರದೊಳಗೆ ಮುಗಿಯಬೇಕು. ಕೊನೆಗೆ ಮೂರು ಉಳಿದವು. ಸೋನಿ ಎ6400 ಭಾವನ ಬಳಿಯೇ ಇತ್ತು. ಫ್ಯೂಜಿಫಿಲ್ಮ್ ಎಕ್ಸ್-ಟಿ30ರ ಎರಡನೇ ಆವೃತ್ತಿಯನ್ನು ಸಹೋದ್ಯೋಗಿಯೊಬ್ಬರು ಹದಿನೈದು ದಿನಕ್ಕೆ ಕೊಟ್ಟರು. ಒಲಿಂಪಸ್ ಇ-ಎಂ10 ಮಾರ್ಕ್ 4 ಬೆಂಗಳೂರಿನ ಪರಿಚಿತರದು. ಒಗ್ಗದಿದ್ದರೆ ಹಿಂದಿರುಗಿಸಬಹುದೆಂಬ ಮಾತಿನ ಮೇಲೆ ತಂದೆ. ಡಿಸೆಂಬರ್, ಜನವರಿಯಲ್ಲಿ ಈ ಮೂರನ್ನೂ ಕಾರವಾರ, ಅಂಕೋಲಾ, ಶಿರಸಿಗಳಲ್ಲಿ ತಿರುಗಿಸಿದೆ.

ಮೊದಲು ತೂಕದ ಮಾತು, ಏಕೆಂದರೆ ನಾನೂ ಅಲ್ಲಿಂದಲೇ ಶುರು ಮಾಡಿದ್ದು. ಬ್ಯಾಟರಿ, ಕಾರ್ಡು ಸೇರಿ ಸೋನಿ 403 ಗ್ರಾಂ, ಒಲಿಂಪಸ್ 383, ಫ್ಯೂಜಿ 378. ಒಂದು ಲಿಂಬೆಹಣ್ಣಿನಷ್ಟೂ ವ್ಯತ್ಯಾಸವಿಲ್ಲ. ಬಾಡಿಯ ತೂಕ ನೋಡಿ ಆರಿಸುವುದರಲ್ಲಿ ಅರ್ಥವಿಲ್ಲ. ಲೆನ್ಸ್ ಹಾಕಿದ ಮೇಲೆ ನೋಡಬೇಕು. ಜೊತೆಗೆ ಬರುವ ಸಣ್ಣ ಝೂಮ್ ಒಲಿಂಪಸ್ಸಿನದು 93 ಗ್ರಾಂ, ಸೋನಿಯದು 116, ಫ್ಯೂಜಿಯದು 135. ದೂರದ ಲೆನ್ಸಿಗೆ ಬಂದಾಗ ಅಂತರ ಕೈಗೇ ತಿಳಿಯುತ್ತದೆ. ಒಲಿಂಪಸ್ಸಿನ 40-150 ಎಂಎಂ ಲೆನ್ಸ್ 190 ಗ್ರಾಂ. ಹೆಚ್ಚುಕಡಿಮೆ ಅಷ್ಟೇ ದೂರ ನೋಡುವ ಸೋನಿಯ 55-210 ಎಂಎಂ 345 ಗ್ರಾಂ, ಫ್ಯೂಜಿಯ 50-230 ಎಂಎಂ 375 ಗ್ರಾಂ. ಒಲಿಂಪಸ್ಸಿನಲ್ಲಿ ಬೆಳಕನ್ನು ಹಿಡಿದು ಚಿತ್ರವಾಗಿಸುವ ಸೆನ್ಸರ್ ಚಿಕ್ಕದು, 17.3×13 ಮಿಲಿಮೀಟರ್. ಉಳಿದೆರಡರದು 23.5×15.6. ಸೆನ್ಸರ್ ಚಿಕ್ಕದಾದಷ್ಟೂ ಲೆನ್ಸನ್ನೂ ಚಿಕ್ಕದಾಗಿ ಮಾಡಬಹುದು. ಅದಕ್ಕೆ ತೆರುವ ಬೆಲೆಯೂ ಇದೆ, ಮುಂದೆ ಹೇಳುತ್ತೇನೆ.

ಬೈತಖೋಲ ಬಂದರಿನಲ್ಲಿ ಬೆಳಗಾಗುವ ರೀತಿಯೇ ಬೇರೆ. ಸೂರ್ಯ ಹುಟ್ಟುವುದು ಗುಡ್ಡದ ಬೆನ್ನಿಗೆ. ದೋಣಿಗಳು ಬಂದು, ಬಂಗಡೆ ಬುಟ್ಟಿಗಿಳಿದು, ಕೂಗಿನ ವ್ಯಾಪಾರ ಅರ್ಧ ಮುಗಿದರೂ ಧಕ್ಕೆಯ ಮೇಲೆ ಇನ್ನೂ ನೆರಳು. ಆಮೇಲೆ ಒಮ್ಮೆಲೇ ಬೆಳಕು ಗುಡ್ಡ ದಾಟಿ ದೋಣಿಗಳ ಮೇಲೆ ಬೀಳುತ್ತದೆ. ಈ ಗಡಿಬಿಡಿಯಲ್ಲಿ ಸೋನಿಗೆ ಸಾಟಿಯಿಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತು ನನ್ನ ಕಡೆಗೇ ನಡೆದು ಬರುತ್ತಿದ್ದ ಹೆಂಗಸೊಬ್ಬರನ್ನು ಕೇಳಿ ಚಿತ್ರ ತೆಗೆದೆ. ಅವರ ಕಣ್ಣಿನ ಮೇಲೆ ಕುಳಿತ ಹಸಿರು ಚೌಕ ಅವರು ನನ್ನನ್ನು ದಾಟುವವರೆಗೂ ಕದಲಲಿಲ್ಲ. ಮೀನಿಗೆ ಎರಗುವ ಗರುಡಗಳ ಹಿಂದೆಯೂ ಅದು ಹಾಗೆಯೇ ಹೋಗುತ್ತದೆ. ಸೆಕೆಂಡಿಗೆ 11 ಚಿತ್ರ. ಫ್ಯೂಜಿ ಮನುಷ್ಯರನ್ನು ಚೆನ್ನಾಗಿಯೇ ಹಿಡಿಯಿತು, ಹಕ್ಕಿಗಳಲ್ಲಿ ಸ್ವಲ್ಪ ತಡವರಿಸಿತು. ಒಲಿಂಪಸ್ಸಿನ ಈ ಮಾದರಿ ಫೋಕಸ್ ಮಾಡುವುದು ಕಾಂಟ್ರಾಸ್ಟ್ ನೋಡಿ ಮಾತ್ರ. ಲೆನ್ಸನ್ನು ಹಿಂದೆಮುಂದೆ ಆಡಿಸಿ, ಎಲ್ಲಿ ಚಿತ್ರ ಹೆಚ್ಚು ಸ್ಪಷ್ಟವೋ ಅಲ್ಲಿ ನಿಲ್ಲುತ್ತದೆ. ನಿಂತ ದೋಣಿಗೆ ಕ್ಷಣದಲ್ಲಿ ಕೂಡುವ ಫೋಕಸ್, ಹಾರುವ ಗರುಡಕ್ಕೆ ಕೂಡುವುದೇ ಇಲ್ಲ. ಹಕ್ಕಿಗಳೇ ನಿಮ್ಮ ಪ್ರೀತಿಯಾದರೆ ಈ ಒಲಿಂಪಸ್ ಬೇಡ.

ಮುಂದಿನ ವಾರ ಕುಮಟಾ ದಾಟಿ, ದೇವಿಮನೆ ಘಟ್ಟ ಹತ್ತಿ ಊರಿಗೆ ಹೋದೆ. ಶಿರಸಿಯ ಹತ್ತಿರದ ನಮ್ಮ ಮನೆಯಲ್ಲಿ ಕೊಯ್ಲು ನಡೆದಿತ್ತು. ನನ್ನ ತೀರ್ಮಾನವಾದದ್ದು ಅಲ್ಲಿ.

ಅಡಿಕೆ ಸುಲಿಯುವ ರಾತ್ರಿಗಳನ್ನು ಕಂಡವರಿಗೆ ಆ ಬೆಳಕಿನ ಪರಿಚಯವಿರುತ್ತದೆ. ಅಂಗಳದ ಮೂಲೆಯಲ್ಲಿ ಒಂದೇ ಬಲ್ಬು. ಅದರ ಕೆಳಗೆ ಮೆಟ್ಟುಗತ್ತಿ ಹಾಕಿಕೊಂಡು ಆಯಿ, ಅತ್ತೆ, ನೆರೆಮನೆಯವರು ಕುಳಿತಿರುತ್ತಾರೆ. ಮುಖದ ಒಂದು ಮಗ್ಗುಲಿಗೆ ಮಾತ್ರ ಬೆಳಕು. ಫ್ಯೂಜಿಗೆ 35 ಎಂಎಂ ಎಫ್ 2 ಲೆನ್ಸ್ (ಎಫ್ ಅಂಕಿ ಕಡಿಮೆಯಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ) ಹಾಕಿ, ಕೈ ನಡುಕ ಕಾಣದಿರಲೆಂದು ಶಟರನ್ನು 1/60 ಸೆಕೆಂಡಿನಲ್ಲಿಟ್ಟರೆ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 6400ಕ್ಕೆ ಏರಿತು; ಇದು ಏರಿದಷ್ಟೂ ಚಿತ್ರದಲ್ಲಿ ಕಣಗಳು ಹೆಚ್ಚು. ಭಾವನ ಸೋನಿಯಲ್ಲಿ ಸಿಗ್ಮಾದ 30 ಎಂಎಂ ಎಫ್ 1.4 ಇತ್ತು, ಅದೇ ಶಟರಿಗೆ 3200 ಸಾಕಾಯಿತು. ಒಲಿಂಪಸ್ಸಿನಲ್ಲಿ 25 ಎಂಎಂ ಎಫ್ 1.8. ಈ ಮೂರರಲ್ಲಿ ಬಾಡಿಯೊಳಗೇ ಸೆನ್ಸರನ್ನು ಅಲುಗದಂತೆ ತೇಲಿಸಿ ಹಿಡಿಯುವ ಸ್ಥಿರತೆಯ ವ್ಯವಸ್ಥೆ ಇರುವುದು ಒಲಿಂಪಸ್ಸಿಗೆ ಮಾತ್ರ. ಕಂಬಕ್ಕೆ ಭುಜವೊರಗಿಸಿ 1/8 ಸೆಕೆಂಡಿನಲ್ಲಿ ತೆಗೆದೆ. ಐಎಸ್‌ಒ 800. ಆಯಿಯ ಕನ್ನಡಕದ ಚೌಕಟ್ಟಿನ ಗೀರು ಕೂಡ ಕಾಣುತ್ತಿತ್ತು.

ಲೆಕ್ಕ ಹಾಕಿ ನೋಡಿ. ದೊಡ್ಡ ಸೆನ್ಸರಿನ ವಿಸ್ತೀರ್ಣ ಚಿಕ್ಕದರ ಸುಮಾರು 1.6 ಪಟ್ಟು. ಅಷ್ಟರ ಮಟ್ಟಿಗೆ ಅದು ಹೆಚ್ಚು ಬೆಳಕು ಕುಡಿಯುತ್ತದೆ ಎಂಬುದು ನಿಜ. ಆದರೆ 1/60ರಿಂದ 1/8ಕ್ಕೆ ಇಳಿದರೆ ಸಿಗುವ ಬೆಳಕು ಏಳೂವರೆ ಪಟ್ಟು. ಕತ್ತಲಲ್ಲಿ ಚಿಕ್ಕ ಸೆನ್ಸರ್ ಸೋಲುತ್ತದೆ ಎಂದು ಎಲ್ಲೆಡೆ ಓದಿದ್ದ ಮಾತು ನಮ್ಮ ಅಂಗಳದಲ್ಲಿ ತಲೆಕೆಳಗಾಯಿತು. ಒಂದು ಷರತ್ತು ಮಾತ್ರ ಇದೆ: ಎದುರಿನವರು ಅಲುಗಬಾರದು. ಆ ಚಿತ್ರದಲ್ಲಿ ಆಯಿಯ ಮುಖ ಕೆತ್ತಿದಂತಿದೆ, ಕೈಗಳು ಮಾತ್ರ ಹೊಗೆಯಂತೆ ಕರಗಿವೆ. ನೋಡಿದವರೇ, “ಕೈ ಎಲ್ಲಿ ಹೋಯಿತೋ ಮಾಣಿ?” ಎಂದರು. ಅವರ ಕೈ ಓಡುವ ವೇಗ ಅದು. ನನಗೆ ಆ ಚಿತ್ರ ಹಾಗೆಯೇ ಬೇಕು. ಆದರೆ ಸುಲಿಯುವ ಬೆರಳುಗಳೇ ಸ್ಪಷ್ಟವಾಗಿ ಕಾಣಬೇಕೆನ್ನುವವರಿಗೆ ಈ ಸ್ಥಿರತೆಯಿಂದ ಏನೂ ಸಿಗುವುದಿಲ್ಲ. ಅವರು ಸೋನಿಗೆ ಎಫ್ 1.4 ಲೆನ್ಸ್ ಹಾಕಿಕೊಳ್ಳುವುದೇ ಸರಿ.

ಮರುದಿನ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಅಡಿಕೆ ಬೆಂದ ನೀರಾದ ಚೊಗರಿನ ಬಣ್ಣಕ್ಕೆ ಹೆಸರಿಡುವುದು ಕಷ್ಟ: ಕೆಂಪಲ್ಲ, ಕಂದಲ್ಲ, ಹಳೆಯ ತಾಮ್ರಕ್ಕೆ ಕುಂಕುಮ ಕಲಸಿದಂತೆ. ಮೇಲೆ ಆವಿ, ಕೆಳಗೆ ಬೆಂಕಿಯ ಹಳದಿ, ಬಾಗಿಲಿನಿಂದ ಬರುವ ತೋಟದ ಹಸಿರು ಬೆಳಕು. ಬಣ್ಣದ ಪರೀಕ್ಷೆಗೆ ಇದಕ್ಕಿಂತ ಕಠಿಣವಾದದ್ದು ನನಗೆ ತೋಚಲಿಲ್ಲ. ಇಲ್ಲಿ ಫ್ಯೂಜಿ ಗೆದ್ದಿತು, ನಿಸ್ಸಂದೇಹವಾಗಿ. ಫಿಲ್ಮ್ ರೋಲುಗಳ ಹೆಸರಿನ ಅದರ ಬಣ್ಣದ ಬಗೆಗಳಲ್ಲಿ ಪ್ರೋವಿಯಾ ಹಾಕಿದಾಗ ಕ್ಯಾಮೆರಾದಿಂದ ನೇರವಾಗಿ ಬಂದ ಜೆಪೆಗ್ ಚಿತ್ರ ಹಂಡೆಯ ಪಕ್ಕ ಹಿಡಿದು ನೋಡಿದರೂ ಒಪ್ಪುತ್ತಿತ್ತು. ಕ್ಲಾಸಿಕ್ ಕ್ರೋಮ್‌ನಲ್ಲಿ ಚೊಗರು ಬಾಡಿತು, ವೆಲ್ವಿಯಾದಲ್ಲಿ ಉರಿಯಿತು. ಸೋನಿ ತನ್ನಷ್ಟಕ್ಕೆ ಬಿಟ್ಟರೆ ಬೆಂಕಿಯ ಹಳದಿಯನ್ನು ತೊಳೆದು ತಣ್ಣಗಾಗಿಸಿತು. ರಾ ಕಡತವನ್ನು, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಚಿತ್ರವನ್ನು, ಕಂಪ್ಯೂಟರಿನಲ್ಲಿ ತಿದ್ದಿದ ಮೇಲೆ ಸರಿಹೋಯಿತು. ಒಲಿಂಪಸ್ಸಿನಲ್ಲಿ ಬೆಚ್ಚನೆಯ ಬಣ್ಣವನ್ನು ಉಳಿಸಿಕೊಳ್ಳುವ ಆಯ್ಕೆ ಇದೆ. ಅದನ್ನು ಹಾಕಿಟ್ಟರೆ ಫ್ಯೂಜಿಯ ಸಮೀಪಕ್ಕೆ ಬರುತ್ತದೆ, ಸಮಕ್ಕೆ ಬರುವುದಿಲ್ಲ.

ಫ್ಯೂಜಿಯನ್ನು ಕೈಯಲ್ಲಿ ಹಿಡಿಯುವ ಸುಖವನ್ನೂ ಹೇಳಲೇಬೇಕು. ಶಟರಿನ ವೇಗ, ಬೆಳಕಿನ ಏರಿಳಿತ ಎರಡಕ್ಕೂ ತಲೆಯ ಮೇಲೆ ಬೇರೆ ಬೇರೆ ತಿರುಗಣೆಗಳಿವೆ. ಕ್ಯಾಮೆರಾ ಚಾಲೂ ಮಾಡುವ ಮೊದಲೇ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಸೋನಿಯಲ್ಲಿ ಮುಂದಿನ ಬೆರಳಿಗೆ ತಿರುಗಣೆಯೇ ಇಲ್ಲ, ಎಲ್ಲ ಕೆಲಸವೂ ಹೆಬ್ಬೆರಳಿನ ಮೇಲೆ. ಮೆನುವಿನ ವಿಷಯದಲ್ಲಿ ಸೋನಿ, ಒಲಿಂಪಸ್ ಎರಡೂ ಗೋಜಲು. ಒಂದು ಭಾನುವಾರ ಕೂತು ಹೊಂದಿಸಿಬಿಟ್ಟರೆ ಮತ್ತೆ ಒಳಹೋಗುವ ಅಗತ್ಯ ಬೀಳುವುದಿಲ್ಲ. ವಿಡಿಯೊ ನನ್ನ ಕ್ಷೇತ್ರವಲ್ಲ. ಆದರೆ ಭಾಗವತರ ದನಿಯನ್ನು ಒಳ್ಳೆಯ ಮೈಕಿನಲ್ಲಿ ಹಿಡಿಯಬೇಕೆಂದರೆ ಒಲಿಂಪಸ್ಸಿನಲ್ಲಿ ಮೈಕ್ ಚುಚ್ಚುವ ತೂತೇ ಇಲ್ಲ. ಸೋನಿಯಲ್ಲಿ ಎಲ್ಲ ಮೈಕುಗಳಿಗೂ ಒಗ್ಗುವ 3.5 ಎಂಎಂ ಇದೆ, ಫ್ಯೂಜಿಯಲ್ಲಿ 2.5. ಮೂರನ್ನೂ ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡಬಹುದು. ಕರೆಂಟು ಹೋದರೆ ಮೂರು ದಿನ ಬಾರದ ನಮ್ಮ ಊರುಗಳಲ್ಲಿ ಇದು ಸಣ್ಣ ಮಾತಲ್ಲ.

ಕೊನೆಯ ಪರೀಕ್ಷೆ ಯಕ್ಷಗಾನ. ಅಂಕೋಲೆಯ ಹತ್ತಿರದ ಗದ್ದೆಯೊಂದರಲ್ಲಿ ಬಡಗುತಿಟ್ಟಿನ ಮೇಳದ ಬಯಲಾಟ. ರಂಗದ ಮೇಲೆ ವೇಷಧಾರಿ ಗಿರಕಿ ಹೊಡೆಯುವಾಗ ಶಟರ್ 1/250ಕ್ಕಿಂತ ಕೆಳಗಿಳಿದರೆ ಚಿತ್ರ ಕಲಸಿಹೋಗುತ್ತದೆ. ಅಲ್ಲಿ ಸ್ಥಿರತೆಯ ಆಟ ನಡೆಯುವುದಿಲ್ಲ. ಅಂಗಳದಲ್ಲಿ ಗೆದ್ದ ಒಲಿಂಪಸ್ ರಂಗದೆದುರು ಸೋತಿತು: ಐಎಸ್‌ಒ ಏರಿತು, ನೆರಳಿನಲ್ಲಿ ಮರಳು ಚೆಲ್ಲಿದಂತೆ ಕಣಗಳು, ಫೋಕಸ್ ಕಿರೀಟಕ್ಕೂ ಹಿಂದಿನ ಪರದೆಗೂ ನಡುವೆ ಓಲಾಡಿತು. ಸೋನಿ ರಾಜವೇಷಗಳ ಕಣ್ಣನ್ನು ಗಿರಕಿಯ ನಡುವೆಯೂ ಬಿಡಲಿಲ್ಲ. ರಾಕ್ಷಸ ವೇಷ ಬಂದಾಗ ಮಾತ್ರ ಅದಕ್ಕೂ ದಾರಿ ತಪ್ಪಿತು. ಅಷ್ಟು ದಟ್ಟ ಬಣ್ಣಗಾರಿಕೆಯ ಒಳಗೆ ಮನುಷ್ಯನ ಮುಖವನ್ನು ಯಂತ್ರ ಗುರುತಿಸಲಿಲ್ಲ, ಆಗ ಫೋಕಸ್ ಬಿಂದುವನ್ನು ನಾನೇ ಇಡಬೇಕಾಯಿತು. ಇನ್ನೊಂದು ಎಚ್ಚರಿಕೆ ಮೂರಕ್ಕೂ ಅನ್ವಯಿಸುತ್ತದೆ. ರಂಗದ ಕೆಂಪು ದೀಪ ಕೆಂಪು ವಸ್ತ್ರದ ಮೇಲೆ ಬಿದ್ದಾಗ ನೆರಿಗೆಗಳೆಲ್ಲ ಅಳಿಸಿ ಬರೀ ಕೆಂಪು ಹೆಪ್ಪು ಉಳಿಯುತ್ತದೆ. ಬೆಳಕನ್ನು ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಇಳಿಸಿಯೇ ತೆಗೆಯಿರಿ.

ನಡುರಾತ್ರಿ ಕಳೆದ ಮೇಲೆ ಅನುಮತಿ ಪಡೆದು, ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಚೌಕಿಗೆ ಹೋದೆ. ಚಂಡೆಯ ಸದ್ದು ದೂರವಾಗಿ, ಒಳಗೆ ಬರೀ ಬಣ್ಣದ ವಾಸನೆ. ಹಿರಿಯ ಕಲಾವಿದರೊಬ್ಬರು ಅಂಗೈಯಗಲದ ಕನ್ನಡಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಹುಬ್ಬು ತೀಡುತ್ತಿದ್ದರು. ಬರೆಯುವ ಕೈ ಕಲ್ಲಿನಂತೆ ಸ್ಥಿರ. ಒಲಿಂಪಸ್ಸಿಗೆ 116 ಗ್ರಾಂ ತೂಕದ 45 ಎಂಎಂ ಎಫ್ 1.8 ಹಾಕಿ, ಸದ್ದಿಲ್ಲದ ಶಟರ್ ಆರಿಸಿ ತೆಗೆದೆ. ಮೊದಲ ಚಿತ್ರದ ತುಂಬ ಅಡ್ಡ ಪಟ್ಟಿಗಳು! ಸೆಕೆಂಡಿಗೆ 50 ಆವರ್ತದ ನಮ್ಮ ಕರೆಂಟಿನಲ್ಲಿ ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಸದ್ದಿಲ್ಲದ ಶಟರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ಆ ಮಿನುಗು ಪಟ್ಟಿಯಾಗಿ ಮೂಡುತ್ತದೆ. ಶಟರನ್ನು 1/50ಕ್ಕೆ ತಂದೊಡನೆ ಪಟ್ಟಿಗಳು ಮಾಯವಾದವು. ಮೂರೂ ಕ್ಯಾಮೆರಾಗಳಿಗೆ ಇದೇ ಮದ್ದು. ಆ ಇಡೀ ಹಂಗಾಮಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಚಿತ್ರ ಅದು: ಕನ್ನಡಿಯಲ್ಲಿ ಅರ್ಧ ಹುಬ್ಬು, ಹೊರಗೆ ಇನ್ನೂ ಬಣ್ಣ ಕಾಣದ ಸುಕ್ಕುಗಟ್ಟಿದ ಕತ್ತು.

ಮಳೆಯ ವಿಷಯ ಬಿಟ್ಟರೆ ಕರಾವಳಿಯ ಹೋಲಿಕೆ ಅಪೂರ್ಣ. ಫ್ಯೂಜಿ, ಒಲಿಂಪಸ್ ಎರಡರ ಈ ಮಾದರಿಗಳಿಗೂ ನೀರಿನಿಂದ ರಕ್ಷಣೆಯಿಲ್ಲ. ಸೋನಿ ತಕ್ಕಮಟ್ಟಿಗೆ ತೇವ ತಡೆಯುವಂತೆ ಕಟ್ಟಿದ್ದು, ಆದರೆ ನಮ್ಮ ಜುಲೈ ಮಳೆಗೆ ಒಡ್ಡುವಷ್ಟಲ್ಲ. ಮಳೆಯಲ್ಲೇ ತೆಗೆಯಬೇಕೆನ್ನುವವರು ಸ್ವಲ್ಪ ಕಾದು ಹಣ ಕೂಡಿಸಿ ಒಲಿಂಪಸ್ಸಿನದೇ ಹೊಸ ಹೆಸರಾದ ಓಎಂ ಸಿಸ್ಟಮ್‌ನ ಓಎಂ-5 ನೋಡಬಹುದು. 414 ಗ್ರಾಂ ತೂಕದಲ್ಲಿ ಧೂಳು, ನೀರಿನ ಸಿಂಚನಗಳಿಂದ ಐಪಿ53 ದರ್ಜೆಯ ರಕ್ಷಣೆ ಇದೆ. ಲೆನ್ಸೂ ಅಂಥದ್ದೇ ಆಗಿದ್ದರೆ ಮಾತ್ರ ಅದರ ಪ್ರಯೋಜನ. ಯಾವುದನ್ನೇ ಕೊಂಡರೂ ಬಿಗಿ ಮುಚ್ಚಳದ ಡಬ್ಬಿ, ಸಿಲಿಕಾ ಜೆಲ್, ತೇವ ಅಳೆಯುವ ಸಣ್ಣ ಮಾಪಕ ಮೂರನ್ನೂ ಅದೇ ದಿನ ಕೊಳ್ಳಿರಿ. ಮಾಪಕ ಶೇಕಡಾ 40ರಿಂದ 50ರ ನಡುವೆ ಇರಬೇಕು. ನೀಲಿ ಬಣ್ಣದ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಅದನ್ನು ಅಡುಗೆಯ ಬಾಣಲೆಯಲ್ಲಿ ಹುರಿಯಬೇಡಿ. ಕಡಲತೀರದಿಂದ ಬಂದೊಡನೆ ಒದ್ದೆ ಹಿಂಡಿದ ಬಟ್ಟೆಯಿಂದ ಉಪ್ಪನ್ನು ಒರೆಸಿ, ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿರಿ.

ನಾನು ಒಲಿಂಪಸ್ಸನ್ನು ಇಟ್ಟುಕೊಂಡೆ. ಅದರ ಬಗ್ಗೆ ಒಂದು ಅಳುಕಿತ್ತು: ಒಲಿಂಪಸ್ ಸಂಸ್ಥೆ ತನ್ನ ಕ್ಯಾಮೆರಾ ವಿಭಾಗವನ್ನೇ ಬೇರ್ಪಡಿಸಿ, 2021ರ ಜನವರಿ 1ರಿಂದ ಅದು ಓಎಂ ಡಿಜಿಟಲ್ ಸೊಲ್ಯೂಷನ್ಸ್ ಆಗಿದೆ. ಆದರೆ 2008ರಲ್ಲಿ ಹುಟ್ಟಿದ ಈ ಲೆನ್ಸ್ ಪದ್ಧತಿಯನ್ನು ಪ್ಯಾನಾಸೋನಿಕ್ ಕೂಡ ಹಂಚಿಕೊಂಡಿದೆ, ಅದರ ಲೆನ್ಸುಗಳೂ ನನ್ನದಕ್ಕೆ ಕೂಡುತ್ತವೆ. ಓಡಾಡುವ ಮಕ್ಕಳು, ಹಕ್ಕಿ, ಮದುವೆ, ವಿಡಿಯೊ ಎನ್ನುವವರಿಗೆ ಸೋನಿಯನ್ನೇ ಹೇಳುತ್ತೇನೆ. ಕಂಪ್ಯೂಟರಿನ ಮುಂದೆ ಕೂತು ಬಣ್ಣ ತಿದ್ದುವ ವ್ಯವಧಾನವಿಲ್ಲದವರಿಗೆ ಫ್ಯೂಜಿ. ನನ್ನ ಚಿತ್ರಗಳು ಮಬ್ಬುಗತ್ತಲಲ್ಲಿ ಕುಳಿತು ಕೆಲಸ ಮಾಡುವವರವು. ಎರಡು ಪುಟ್ಟ ಲೆನ್ಸುಗಳೊಂದಿಗೆ ಒಲಿಂಪಸ್ ಈಗ ದಿನವೂ ಸ್ಕೂಟರಿನಲ್ಲಿ ನನ್ನ ಜೊತೆ ಕಚೇರಿಗೆ ಬರುತ್ತದೆ. ಮೇಳ ಬರುವ ರಾತ್ರಿಗಳಿಗೆ ಭಾವನವರ ಸೋನಿಯನ್ನು ಕೇಳಿ ತರುತ್ತೇನೆ. ಅವರು ಕೊಯ್ಲಿಗೆಂದು ನಮ್ಮ ಮನೆಗೆ ಬಂದಾಗ ಒಲಿಂಪಸ್ ಅವರ ಕೊರಳಲ್ಲಿರುತ್ತದೆ.