ಜ್ಯೂಸ್ ಮತ್ತು ಕಾಫಿ ಎನಿಮಾದಿಂದ ಕ್ಯಾನ್ಸರ್ ವಾಸಿ ಅನ್ನುವ ಕ್ಲಿನಿಕ್ಕಿಗೆ ಹೊರಟವರೇ, ಒಂದು ನಿಮಿಷ

ಕೀಮೋ ಇಲ್ಲ, ಆಪರೇಷನ್ ಇಲ್ಲ, ಬರೀ ಆಹಾರದಲ್ಲೇ ಕ್ಯಾನ್ಸರ್ ವಾಸಿ ಮಾಡುತ್ತೇವೆ ಅನ್ನುವ ಮೈಸೂರಿನ ಒಂದು ಕ್ಲಿನಿಕ್ಕಿಗೆ ನಮ್ಮ ಸೋದರತ್ತೆಯನ್ನು ಕರೆದುಕೊಂಡು ಹೋಗಿದ್ದರು. ಮದ್ದೂರು, ಪಾಂಡವಪುರದ ಕಡೆಯಿಂದ ಜನ ಅಲ್ಲಿಗೆ ಈಗಲೂ ಹೋಗುತ್ತಿದ್ದಾರಂತೆ. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಅವರ ವರಸೆ ಗೊತ್ತಾದರೆ ಬೋರ್ಡು ಯಾವುದೇ ಇರಲಿ, ನೀವೇ ಗುರುತು ಹಿಡಿಯುತ್ತೀರಿ.

ಅತ್ತೆಗೆ ಎದೆಯಲ್ಲಿ ಗಂಟು. ಬಯಾಪ್ಸಿ ಆಗಿತ್ತು. ಎರಡನೇ ಹಂತ, ಆಪರೇಷನ್ ಮಾಡಿ ಆಮೇಲೆ ಕೀಮೋ, ಕರೆಂಟು (ರೇಡಿಯೇಷನ್) ಕೊಡೋಣ ಅಂತ ಆಸ್ಪತ್ರೆಯಲ್ಲಿ ಹೇಳಿದ್ದರು. ಊರಲ್ಲಿ ಒಬ್ಬರು ಕೀಮೋ ನಡೆಯುತ್ತಿರುವಾಗಲೇ ತೀರಿಹೋಗಿದ್ದನ್ನು ಕಂಡಿದ್ದ ಮಾವ ಹೆದರಿದ್ದರು. ಯಾರೋ ನೆಂಟರು ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದರು. ಅಷ್ಟೇ ಸಾಕಾಯಿತು.

ಕ್ಲಿನಿಕ್ಕಿನಲ್ಲಿ ಮೊದಲ ದಿನ ರಿಪೋರ್ಟು ನೋಡಲಿಲ್ಲ, ಕಥೆ ಹೇಳಿದರು. ಗೋಡೆಯ ಮೇಲೆ ಒಬ್ಬ ವಿದೇಶಿ ಡಾಕ್ಟರ ಫೋಟೋ: ಮ್ಯಾಕ್ಸ್ ಗರ್ಸನ್. 1881ರಲ್ಲಿ ಹುಟ್ಟಿದ ಜರ್ಮನ್ ಯಹೂದಿ. ತನ್ನದೇ ಅರೆತಲೆನೋವಿಗೆ ಪಥ್ಯ ಹುಡುಕಿಕೊಂಡವರು, ಚರ್ಮದ ಕ್ಷಯಕ್ಕೆ ಉಪ್ಪಿಲ್ಲದ ಆಹಾರ ಕೊಟ್ಟು ಹೆಸರು ಮಾಡಿದವರು. ಹಿಟ್ಲರ್ ಬಂದಮೇಲೆ 1933ರಲ್ಲಿ ದೇಶ ಬಿಟ್ಟು, 1936ರಲ್ಲಿ ನ್ಯೂಯಾರ್ಕ್ ಸೇರಿದರು. 1946ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ತಮ್ಮ ರೋಗಿಗಳನ್ನೇ ಕರೆತಂದು ತೋರಿಸಿದರು. ಆಮೇಲೆ ಅಲ್ಲಿನ ವೈದ್ಯರ ಸಂಘ ಅವರನ್ನು ಅಮಾನತು ಮಾಡಿತು. "ಔಷಧಿ ಕಂಪನಿಗಳು ಬಿಡ್ತವಾ ಸಾರ್?" ಅಂತ ಕಥೆ ಮುಗಿಸಿದರು. ಮಾವ ಆ ಫೋಟೋಗೆ ಕೈ ಮುಗಿದರಂತೆ.

ಇದರಲ್ಲಿ ಸುಳ್ಳು ಕಮ್ಮಿ. ಬಿಟ್ಟಿದ್ದೇ ಹೆಚ್ಚು. 1947ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಗರ್ಸನ್ ಕೊಟ್ಟ 10 ರೋಗಿಗಳ ದಾಖಲೆ ತೆಗೆದು ನೋಡಿತು. 1959ರಲ್ಲಿ, ಅವರೇ ಪುಸ್ತಕದಲ್ಲಿ ಬರೆದುಕೊಂಡಿದ್ದ 50 ರೋಗಿಗಳದ್ದನ್ನೂ ನೋಡಿತು. ಎರಡು ಸಲವೂ ಪ್ರಯೋಜನವಾಗಿದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಅದೇ ವರ್ಷ ಅವರು ತೀರಿಕೊಂಡರು. ಮಗಳು ಷಾರ್ಲಟ್ 1970ರ ದಶಕದಲ್ಲಿ ಅದೇ ಚಿಕಿತ್ಸೆಯ ಕ್ಲಿನಿಕ್ ಶುರು ಮಾಡಿದ್ದು ಅಮೆರಿಕದಲ್ಲಲ್ಲ, ಗಡಿಯಾಚೆ ಮೆಕ್ಸಿಕೋದ ತಿಹುವಾನಾದಲ್ಲಿ. ಗರ್ಸನ್ ಮೋಸಗಾರರು ಅಂತ ನಾನು ಹೇಳಲಾರೆ, ತಾವು ಹೇಳಿದ್ದನ್ನು ತಾವೇ ನಂಬಿದ್ದಿರಬಹುದು. ಅವರ ಫೋಟೋ ನೇತುಹಾಕಿಕೊಂಡು ದುಡ್ಡು ಎಣಿಸುವವರ ವಿಷಯವೇ ಬೇರೆ.

ಚಿಕಿತ್ಸೆ ಅಂದರೆ ದಿನಕ್ಕೆ 13 ಲೋಟ ಕ್ಯಾರೆಟ್, ಸೇಬು, ಸೊಪ್ಪಿನ ರಸ. ಜ್ಯೂಸ್ ಮಷೀನು ಅವರ ಹತ್ತಿರವೇ ಕೊಳ್ಳಬೇಕು. ಪೊಟ್ಯಾಸಿಯಂ ಪುಡಿಯೂ ಅವರದೇ. ಉಪ್ಪು ಪೂರ್ತಿ ಬಂದ್. ಉಪ್ಪಿಲ್ಲದ ಬಸ್ಸಾರಲ್ಲಿ ಮುದ್ದೆ ನುಂಗುವುದು ಹೇಗೋ ಮಂಡ್ಯದವರೇ ಹೇಳಬೇಕು. ಇದರ ಜೊತೆಗೆ ದಿನಕ್ಕೆ ಹಲವು ಸಲ ಕಾಫಿ ಎನಿಮಾ, ಅಂದರೆ ಕಾಫಿಯನ್ನು ಗುದದ್ವಾರದಿಂದ ಒಳಕ್ಕೆ ಬಿಡುವುದು, ಆದರೆ ಕಾಫಿ ಕುಡಿಯುವ ಹಾಗಿಲ್ಲ. "ಕಾಪಿ ಇರಾದು ಕುಡ್ಯಕ್ಕಲ್ವೇನಪ್ಪ?" ಅಂತ ಅತ್ತೆ ನನ್ನನ್ನು ಕೇಳಿದ್ದರು. ಆ ಕ್ಲಿನಿಕ್ಕಿನಲ್ಲಿ ಬುದ್ಧಿ ಇದ್ದ ಪ್ರಶ್ನೆ ಅದೊಂದೇ ಇರಬೇಕು.

ಕೆಲವು ತಿಂಗಳು ಕಳೆದ ಮೇಲೆ ಅತ್ತೆಗೆ ಎದ್ದರೆ ತಲೆ ತಿರುಗು, ವಾಂತಿ. ಮಾತು ತೊದಲಲು ಶುರುವಾಯಿತು. ಅವರ ಮಗ, ನಮ್ಮ ಭಾವ, ಕ್ಲಿನಿಕ್ಕಿಗೆ ಫೋನ್ ಮಾಡಿದರೆ, "ಒಳ್ಳೇ ಲಕ್ಷಣ ಸಾರ್, ಒಳಗಿನ ವಿಷ ಆಚೆ ಬರ್ತಿದೆ. ಯಾವ ಕಾರಣಕ್ಕೂ ಡ್ರಿಪ್ ಹಾಕಿಸಬೇಡಿ" ಅಂದರು. ಗಮನಿಸಿ: ಸುಧಾರಿಸಿದರೆ ಅವರ ಚಿಕಿತ್ಸೆಯಿಂದ, ಹದಗೆಟ್ಟರೂ ಚಿಕಿತ್ಸೆ ಕೆಲಸ ಮಾಡುತ್ತಿರುವುದರಿಂದ. ಸೋಲೇ ಇಲ್ಲದ ಆಟ. ರಾತ್ರಿ ಅತ್ತೆಗೆ ಮಗನ ಗುರುತೇ ಸಿಗದೆ ಹೋದಾಗ ಭಾವ ಯಾರ ಮಾತೂ ಕೇಳದೆ ಮಂಡ್ಯದ ಆಸ್ಪತ್ರೆಗೆ ಸೇರಿಸಿದರು. ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, ಪಾತಾಳಕ್ಕಿಳಿದಿತ್ತು.

ಇದೇನು ಹೊಸದಲ್ಲ. 1980ರ ಆಸುಪಾಸಿನಲ್ಲಿ ತಿಹುವಾನಾದ ಇಂಥ ಕ್ಲಿನಿಕ್ಕುಗಳಿಂದ ಬಂದ ರೋಗಿಗಳು ಅಮೆರಿಕದ ಸ್ಯಾನ್ ಡಿಯಾಗೋ ಆಸ್ಪತ್ರೆಗಳಲ್ಲಿ ರಕ್ತಕ್ಕೆ ನಂಜೇರಿ ದಾಖಲಾಗಿದ್ದರು. ಅವರಲ್ಲಿ ಕೆಲವರು ಸೋಡಿಯಂ ಕುಸಿದು ಕೋಮಾದಲ್ಲಿದ್ದರು. ಕಾಫಿ ಎನಿಮಾದಿಂದಲೇ ಇಬ್ಬರು ಸತ್ತ ವರದಿಯೂ 1980ರದ್ದು.

ಸೋಡಿಯಂ ಸರಿಹೋಯಿತು. ಆದರೆ ಅಷ್ಟು ತಿಂಗಳಲ್ಲಿ ಗಂಟು ಸುಮ್ಮನಿರಲಿಲ್ಲ, ಕಂಕುಳಿಗೂ ಬಂತು, ಮೂಳೆಗೂ ಹೋಯಿತು. ಈಗ ಬೆಂಗಳೂರಲ್ಲಿ ಚಿಕಿತ್ಸೆ ನಡೆಯುತ್ತಿದೆ. ಹತೋಟಿಯಲ್ಲಿ ಇಡೋಣ ಅನ್ನುತ್ತಾರೆ, ವಾಸಿ ಮಾಡುವ ಮಾತಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಮಾಡಿದ ಅಧ್ಯಯನವೊಂದರಲ್ಲಿ, ಸ್ತನ ಕ್ಯಾನ್ಸರಿಗೆ ಮಾಮೂಲು ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ಚಿಕಿತ್ಸೆ ಆರಿಸಿಕೊಂಡವರಲ್ಲಿ ಸಾವಿನ ಅಪಾಯ ಐದು ಪಟ್ಟಿಗೂ ಹೆಚ್ಚು ಕಂಡಿತ್ತು.

ದೂರು ಕೊಡೋಣ ಅಂತ ಕಾಗದ ತೆಗೆದಾಗ ಇನ್ನೊಂದು ವಿಷಯ ಗೊತ್ತಾಯಿತು. ಯಾವ ರಸೀದಿಯಲ್ಲೂ ಕ್ಯಾನ್ಸರ್ ಅನ್ನುವ ಪದವಿಲ್ಲ. ಎಲ್ಲದರಲ್ಲೂ "ಆಹಾರ ಸಲಹೆ". ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ, ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಮೊದಲ ದಿನವೇ ಮಾವನಿಂದ "ಸ್ವಇಚ್ಛೆಯಿಂದ ಅಲೋಪತಿ ಬೇಡ ಎಂದಿದ್ದೇವೆ" ಅಂತ ಸಹಿಯನ್ನೂ ಹಾಕಿಸಿಕೊಂಡಿದ್ದರು.

ಹಾಗಾಗಿ ಅಂಥ ಕಡೆ ಹೋಗಲೇಬೇಕು ಅಂತ ಮನೆಯಲ್ಲಿ ಹಟ ಹಿಡಿದರೆ, ದುಡ್ಡು ಕಟ್ಟುವ ಮುಂಚೆ ಒಂದು ಕೇಳಿ: ಲೆಟರ್‌ಹೆಡ್ಡಿನಲ್ಲಿ, ಡಾಕ್ಟರ ನೋಂದಣಿ ಸಂಖ್ಯೆಯ ಸಮೇತ, "ಈ ಕ್ಯಾನ್ಸರಿಗೆ ಈ ಚಿಕಿತ್ಸೆ ಕೊಡುತ್ತಿದ್ದೇನೆ" ಅಂತ ಬರೆದುಕೊಡಿ. ಭಾವ ಕೇಳಿದಾಗ "ಡಾಕ್ಟ್ರು ಊರಲ್ಲಿಲ್ಲ" ಅಂದರು. ಖಾಸಗಿ ಕ್ಲಿನಿಕ್ಕಿಗೆ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇರಲೇಬೇಕು, ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಕೊಡಬಹುದು. ಖರ್ಚಿಗೆ ಹೆದರಿ ಜ್ಯೂಸಿನ ದಾರಿ ಹಿಡಿಯುವವರೂ ಇದ್ದಾರೆ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಸಿಗುತ್ತದೆ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಸರ್ಕಾರದ್ದೇ.

ಈಗಾಗಲೇ ಅಲ್ಲಿ ಸಿಕ್ಕಿಕೊಂಡಿದ್ದರೆ, ಹಳೇ ಡಾಕ್ಟರ್ ಬೈಯುತ್ತಾರೆ ಅಂತ ಹೆದರಿ ಕೂರಬೇಡಿ. ಅತ್ತೆಯ ಡಾಕ್ಟರು ಒಂದು ಮಾತೂ ಅನ್ನಲಿಲ್ಲ. ಮೊದಲು ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ಎನಿಮಾ, ಪುಡಿ, ಇಂಜೆಕ್ಷನ್ ಏನೇನು ಕೊಟ್ಟಿದ್ದರೋ ಬಚ್ಚಿಡದೆ ಹೇಳಿ, ಪೊಟ್ಟಣ ಉಳಿದಿದ್ದರೆ ಅದನ್ನೂ ತೆಗೆದುಕೊಂಡು ಹೋಗಿ.