ಟಿಎಂಪಿ102@48 ಬೇಡ, ಟೆಂಪರೇಚರ್-ಸೆನ್ಸರ್@48 ಇರಲಿ

ಲಿನಕ್ಸ್ ಡಿವೈಸ್ ಟ್ರೀಯಲ್ಲಿ, ಅಂದರೆ ಬೋರ್ಡ್‌ನಲ್ಲಿ ಯಾವ ಯಾವ ಭಾಗಗಳಿವೆ ಅಂತ ಲಿನಕ್ಸ್‌ಗೆ ಹೇಳುವ ಫೈಲ್‌ನಲ್ಲಿ, ನೋಡ್‌ಗೆ (ಒಂದು ಭಾಗದ ವಿವರಣೆಗೆ) ಹೆಸರಿಡುವಾಗ ನಾನು ಚಿಪ್ ಹೆಸರು ಬರೆಯುವುದು ಬಿಟ್ಟಿದ್ದೇನೆ. ಅದು ಮಾಡುವ ಕೆಲಸವೇ ಅದರ ಹೆಸರು. ಕಳೆದ ತಿಂಗಳು ಕೊಂಡ ಒಂದು ಬೋರ್ಡ್ ನನ್ನ ಎರಡು ಸಂಜೆ ತಿಂದ ಮೇಲೆ ಈ ಅಭ್ಯಾಸ ಗಟ್ಟಿಯಾಯಿತು.

ಬೋರ್ಡ್‌ನಲ್ಲಿ ಟಿಎಂಪಿ102 ಅನ್ನುವ ಉಷ್ಣತೆ ಅಳೆಯುವ ಚಿಪ್ ಇದೆ. ಅದರ ವಿಳಾಸದ ಪಿನ್ ಗ್ರೌಂಡ್‌ಗೆ ಹೋದರೆ ಐ2ಸಿ (ಚಿಪ್‌ಗಳು ಮಾತಾಡುವ ಎರಡು ತಂತಿಯ ಸಂಪರ್ಕ) ವಿಳಾಸ ಹೆಕ್ಸ್ 48, ಸಪ್ಲೈಗೆ ಹೋದರೆ 49. ಇಲ್ಲಿ ಸಪ್ಲೈಗೆ ಹೋಗಿತ್ತು. ಬೋರ್ಡ್ ಜೊತೆ ಬಂದ ಡಿವೈಸ್ ಟ್ರೀ ಫೈಲ್‌ನಲ್ಲಿ '@49' ಅಂತ ಗ್ರೆಪ್ ಮಾಡಿ ಹುಡುಕಿದೆ. ಏನೂ ಸಿಗಲಿಲ್ಲ. ಸರಿ, ಇಲ್ಲವೇ ಇಲ್ಲ ಅಂದುಕೊಂಡು ಐ2ಸಿ ನೋಡ್‌ನ ಒಳಗೆ ನನ್ನದೇ ಟೆಂಪರೇಚರ್-ಸೆನ್ಸರ್@49 ಸೇರಿಸಿದೆ.

ಬೂಟ್ ಆದಾಗ ಲಾಗ್‌ನಲ್ಲಿ ಐ2ಸಿ ಕ್ಲೈಂಟ್ ನೋಂದಣಿ ಆಗಲಿಲ್ಲ ಅನ್ನುವ ಸಾಲು, ಕೊನೆಗೆ -16. ಅಂದರೆ ಆ ವಿಳಾಸ ಆಗಲೇ ಬೇರೆಯವರ ಕೈಲಿದೆ. ಯಾರ ಕೈಲಿ? ವೈರಿಂಗ್ ನೋಡಿದೆ, ಪುಲ್-ಅಪ್ ನೋಡಿದೆ, ಡ್ರೈವರ್ ಬದಲಾಯಿಸಿದೆ. ಎರಡನೇ ಸಂಜೆ ಆ ಫೈಲನ್ನು ಸಾಲು ಸಾಲಾಗಿ ಓದಿದಾಗ ಸಿಕ್ಕಿತು: ನೋಡ್‌ನ ಹೆಸರು ಟಿಎಂಪಿ102@48, ಒಳಗಿನ ರೆಗ್ (ಚಿಪ್‌ನ ವಿಳಾಸ ಬರೆಯುವ ಸಾಲು) ಮಾತ್ರ 49! ಯಾರೋ ಹಳೆಯ ಬೋರ್ಡ್‌ನಿಂದ ನಕಲು ಮಾಡಿ, ಸಂಖ್ಯೆಯನ್ನು ಒಂದೇ ಕಡೆ ತಿದ್ದಿದ್ದರು. @ ನಂತರದ ಸಂಖ್ಯೆ ರೆಗ್‌ನ ಮೊದಲ ವಿಳಾಸವೇ ಆಗಿರಬೇಕು ಅನ್ನುವುದು ಸ್ಪೆಸಿಫಿಕೇಶನ್‌ನಲ್ಲೇ ಇದೆ.

ಅವರು @49 ಅಂತ ಸರಿಯಾಗಿ ಬರೆದಿದ್ದರೂ ಗೊತ್ತಿಲ್ಲದೆ ನಾನು ಇನ್ನೊಂದು ಹೆಸರಿಟ್ಟರೆ ಇದೇ ಗತಿ. ಹೀಗೆ ಹೆಸರು ಬರೆದು ಸೇರಿಸುವಾಗ ಅದು ಅಕ್ಷರ ಅಕ್ಷರ ಹೊಂದಿದರೆ ಮಾತ್ರ ಅವರು ಬರೆದ ತುಂಡು, ನಾನು ಬರೆದ ತುಂಡು ಎರಡೂ ಸೇರಿ ಒಂದೇ ನೋಡ್ ಆಗುತ್ತದೆ. ಇಲ್ಲದಿದ್ದರೆ ಒಂದು ಚಿಪ್‌ಗೆ ಎರಡು ನೋಡ್. ಎಲ್ಲರೂ ಕೆಲಸದ ಹೆಸರನ್ನೇ ಇಟ್ಟರೆ ಊಹಿಸಿ ಬರೆದದ್ದೂ ಹೊಂದುತ್ತದೆ, ಅಲ್ವಾ?

ಚಿಪ್ ಹೆಸರಿಗೆ ಒಂದು ಅನುಕೂಲ ಇದೆ: ಪ್ರಾಕ್‌ನ ಕೆಳಗಿನ ಡಿವೈಸ್-ಟ್ರೀ ಫೋಲ್ಡರ್ ನೋಡಿದ ಕೂಡಲೇ ಯಾವ ಭಾಗ ಅಂತ ಗೊತ್ತಾಗುತ್ತದೆ. ಆದರೆ ಲಿನಕ್ಸ್ ಡ್ರೈವರ್ ಹುಡುಕುವುದು ನೋಡ್‌ನ ಒಳಗಿನ ಕಂಪ್ಯಾಟಿಬಲ್ ಸಾಲನ್ನು ನೋಡಿ. ಚಿಪ್ ಹೆಸರು ಅಲ್ಲಿ ಹೇಗೂ ಇರುತ್ತದೆ.

ಪಿಸಿಗಳಲ್ಲಿ ಡಿವೈಸ್ ಟ್ರೀಯ ಕೆಲಸ ಮಾಡುವ ಎಸಿಪಿಐ ಕೂಡ ಒಂದು ಚಿಕ್ಕ ಪಿಸಿಯಲ್ಲಿ ಬರೆದು ನೋಡಿದೆ. ಹೆಸರಿಗೆ ನಾಲ್ಕೇ ಅಕ್ಷರ. ಆರು ತಿಂಗಳ ನಂತರ ನನ್ನದೇ ಹೆಸರು ನನಗೆ ಅರ್ಥವಾಗಲಿಲ್ಲ.

ನೋಡ್ ಹೆಸರಿನಲ್ಲಿ ಹೈಫನ್, ಲೇಬಲ್‌ನಲ್ಲಿ (ಬೇರೆ ಕಡೆಯಿಂದ ಆ ನೋಡ್ ಅನ್ನು ಕರೆಯುವ ಅಡ್ಡಹೆಸರು) ಅಂಡರ್‌ಸ್ಕೋರ್. ಇದು ಕೈಗೆ ಬೇಗ ರೂಢಿಯಾಗುತ್ತದೆ.

ನಾನು ಸೆನ್ಸರ್ ಕೊಳ್ಳುವುದು ಆ ವಾರ ಯಾವುದು ಅಗ್ಗವೋ ಅದನ್ನು. ಮನೆಯ ಇನ್ನೊಂದು ಬೋರ್ಡ್‌ನಲ್ಲಿ ಟಿಎಂಪಿ102 ಮಾಡ್ಯೂಲ್ ಕೆಟ್ಟಾಗ ಎಲ್‌ಎಂ75 ಹಾಕಿದೆ, ವಿಳಾಸ ಅದೇ 48. ಟೆಂಪರೇಚರ್-ಸೆನ್ಸರ್@48 ಹಾಗೇ ಉಳಿಯಿತು, ಲೇಬಲ್ ಬೋರ್ಡ್_ಟೆಂಪ್ ಕೂಡ. ಬದಲಾದದ್ದು ಕಂಪ್ಯಾಟಿಬಲ್ ಸಾಲು ಒಂದೇ.